ಮೆಟ್ಟಿಲನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು

ಮೈಸೂರಿನಲ್ಲಿ ನಾವು ನಕ್ಷೆ ಮಾಡಿಕೊಟ್ಟಿದ್ದ ಒಂದು ಮನೆಯ ಗೃಹಪ್ರವೇಶ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಮನೆಯ ಯಜಮಾನರು ಫೋನ್ ಮಾಡಿ, ಮಹಡಿ ಹತ್ತುವಾಗ ತಮ್ಮ ತಾಯಿಯವರು ಒಂದೇ ಜಾಗದಲ್ಲಿ ಎರಡು ಸಲ ಎಡವಿದ್ದಾರೆಂದೂ, ಬಿಡುವು ಮಾಡಿಕೊಂಡು ಬಂದು ಮೆಟ್ಟಿಲನ್ನೊಮ್ಮೆ ನೋಡಬೇಕೆಂದೂ ಕೇಳಿಕೊಂಡರು. ನಾನು ಹೋದಾಗ ಆ ಅಜ್ಜಿ ಮೆಟ್ಟಿಲಿನ ಬುಡದಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. "ನೋಡಮ್ಮಾ, ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಕಾಲಿಗೇ ಒಂದು ಲೆಕ್ಕ ಸಿಕ್ಕಿಬಿಡುತ್ತೆ, ಆಮೇಲೆ ಯಾರೂ ಕೆಳಗೆ ನೋಡೋದಿಲ್ಲ. ಇಲ್ಲಿ ಕಡೇ ಮೆಟ್ಟಿಲಿಗೆ ಬರೋ ಹೊತ್ತಿಗೆ ಆ ಲೆಕ್ಕ ತಪ್ಪುತ್ತೆ" ಎಂದರು. ನಾನು ಟೇಪು ಹಿಡಿದು ಕೆಳಗಿನಿಂದ ಒಂದೊಂದೇ ಮೆಟ್ಟಿಲಿನ ಎತ್ತರವನ್ನು ಅಳೆದು ಬರೆದುಕೊಂಡೆ. ಮೊದಲನೆಯದು 135 ಮಿಲಿಮೀಟರ್, ನಡುವಿನವೆಲ್ಲ 160ರ ಆಸುಪಾಸು, ಮಹಡಿಯ ನೆಲಕ್ಕೆ ಕಾಲಿಡುವ ಕೊನೆಯದು 185. ಕಚೇರಿಗೆ ಮರಳಿ ಕಂಪ್ಯೂಟರಿನಲ್ಲಿ ಆ ಮನೆಯ ಮಾಡೆಲನ್ನು ತೆರೆದು ನೋಡಿದರೆ, ಹತ್ತೊಂಬತ್ತು ರೈಸರುಗಳೂ, ಅಂದರೆ ಮೆಟ್ಟಿಲಿನ ನಿಂತ ಮುಖಗಳೂ, 160.5 ಮಿಲಿಮೀಟರ್ ಎತ್ತರಕ್ಕೆ ಒಂದರ ಹಾಗೆ ಒಂದು ನಿಂತಿದ್ದವು.

ಆ ಮಾಡೆಲನ್ನು ಮಾಡಿದವಳು ನಾನೇ. ತಂತ್ರಾಂಶವು ತನಗೆ ಕೊಟ್ಟ ಎತ್ತರವನ್ನು ತನಗೆ ಹೇಳಿದಷ್ಟು ಭಾಗಗಳಾಗಿ ಸರಿಯಾಗಿಯೇ ಹಂಚಿತ್ತು. ಆದರೆ ನಾನು ಕೊಟ್ಟಿದ್ದ ಎತ್ತರ ಕಾಂಕ್ರೀಟಿನದು, ಅಜ್ಜಿಯ ಕಾಲು ಅಳೆದದ್ದು ಕಲ್ಲು ಮತ್ತು ಟೈಲ್ಸು ಹಾಕಿದ ಮೇಲಿನದು. ಮೆಟ್ಟಿಲುಗಳ ಮಾಡೆಲಿಂಗಿನ ಬಗ್ಗೆ ಏನೇ ಬರೆಯುವುದಿದ್ದರೂ ಇಲ್ಲಿಂದಲೇ ಆರಂಭಿಸಬೇಕೆಂದು ನನಗೆ ಅನಿಸುತ್ತದೆ, ಏಕೆಂದರೆ ಕಿಟಕಿ ಎರಡು ಅಂಗುಲ ಆಚೀಚೆಯಾದರೆ ಕಣ್ಣಿಗೆ ಮಾತ್ರ ಕಾಣುತ್ತದೆ, ಮೆಟ್ಟಿಲು ಒಂದು ಅಂಗುಲ ತಪ್ಪಿದರೆ ಮನುಷ್ಯರು ಬೀಳುತ್ತಾರೆ.

ನಾನು ಹೆಚ್ಚಾಗಿ ಬಳಸುವುದು ಕಟ್ಟಡಗಳ ಮಾಡೆಲ್ ಮಾಡುವ ರೆವಿಟ್ ತಂತ್ರಾಂಶವನ್ನು. ಅದರಲ್ಲಿ ಮೆಟ್ಟಿಲು ಹಾಕಲು ಮೊದಲು ಕೇಳುವುದು ಎರಡು ಲೆವೆಲ್‌ಗಳನ್ನು, ಅಂದರೆ ಯಾವ ಮಟ್ಟದಿಂದ ಹೊರಟು ಯಾವ ಮಟ್ಟಕ್ಕೆ ತಲುಪಬೇಕು ಎಂಬುದನ್ನು. ಆನಂತರ ಎಷ್ಟು ರೈಸರ್ ಬೇಕು ಎಂಬುದನ್ನು. ಬೇಸ್ ಲೆವೆಲ್ ಮತ್ತು ಟಾಪ್ ಲೆವೆಲ್‌ಗಳ ನಡುವಿನ ಅಂತರವನ್ನು ರೈಸರುಗಳ ಸಂಖ್ಯೆಯಿಂದ ಭಾಗಿಸಿ ಬಂದ ಎತ್ತರವನ್ನು ಅದು ಬೂದು ಬಣ್ಣದಲ್ಲಿ, ನಾವು ತಿದ್ದಲಾಗದಂತೆ ತೋರಿಸುತ್ತದೆ. ಇದು ಬಹಳ ಒಳ್ಳೆಯ ಏರ್ಪಾಡು. ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ಎತ್ತರ ಕೊಡುವ ಅವಕಾಶವನ್ನೇ ಅದು ಕೊಡುವುದಿಲ್ಲ. ಹಾಗಾಗಿ ತಪ್ಪು ನುಸುಳುವ ದಾರಿ ಒಂದೇ ಉಳಿಯುತ್ತದೆ: ಆ ಎರಡು ಲೆವೆಲ್‌ಗಳು ಯಾವುದರ ಮಟ್ಟವನ್ನು ಹೇಳುತ್ತಿವೆ ಎಂಬುದು.

ನನ್ನ ಮಾಡೆಲಿನಲ್ಲಿ ಅವು ಸ್ಲ್ಯಾಬಿನ ಮೇಲ್ಮುಖದ ಮಟ್ಟಗಳಾಗಿದ್ದವು. ಸ್ಟ್ರಕ್ಚರಲ್ ಎಂಜಿನಿಯರರ ನಕ್ಷೆಯೂ ಅದೇ ಮಟ್ಟದಿಂದ ಹೊರಡುವುದರಿಂದ ಎರಡೂ ಹೊಂದಿಕೊಂಡಿರಲಿ ಎಂದು ಹಾಗೆ ಇಟ್ಟಿದ್ದೆ. ಸ್ಲ್ಯಾಬಿನಿಂದ ಸ್ಲ್ಯಾಬಿಗೆ 3050 ಮಿಲಿಮೀಟರ್, ಅಂದರೆ ನಮ್ಮ ಕಡೆ ಎಲ್ಲರೂ ಹೇಳುವ ಹತ್ತಡಿ. ಅದನ್ನು 19ರಿಂದ ಭಾಗಿಸಿದರೆ 160.5. ಮೇಸ್ತ್ರಿ ಆ ಲೆಕ್ಕಕ್ಕೆ ತಪ್ಪದೆ ಸೆಂಟ್ರಿಂಗ್ ಕಟ್ಟಿಸಿ ಕಾಂಕ್ರೀಟ್ ಹಾಕಿಸಿದರು. ಆಮೇಲೆ ಕೆಳಗಿನ ನೆಲಕ್ಕೂ ಮಹಡಿಯ ನೆಲಕ್ಕೂ ಗಾರೆಯ ಹಾಸು ಮತ್ತು ವಿಟ್ರಿಫೈಡ್ ಟೈಲ್ಸು ಸೇರಿ 65 ಮಿಲಿಮೀಟರ್ ದಪ್ಪ ಕೂತಿತು. ಮೆಟ್ಟಿಲುಗಳ ಮೇಲೆ 20 ಮಿಲಿಮೀಟರ್ ಗ್ರಾನೈಟು, ಅದರ ಕೆಳಗೆ ಅಷ್ಟೇ ಗಾರೆ, ಒಟ್ಟು 40 ಮಾತ್ರ. ಎರಡೂ ಕಡೆ ದಪ್ಪ ಒಂದೇ ಆಗಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಈಗ ಮೊದಲ ಮೆಟ್ಟಿಲು 40 ಏರಿತು, ಅದರ ಎದುರಿನ ನೆಲ 65 ಏರಿತು, ಹಾಗಾಗಿ 160.5 ಇದ್ದದ್ದು 135.5ಕ್ಕೆ ಇಳಿಯಿತು. ಮೇಲ್ಗಡೆ ಇದೇ ಲೆಕ್ಕ ತಿರುಗಿ, ಕೊನೆಯ ಮೆಟ್ಟಿಲಿನಿಂದ ಮಹಡಿಯ ನೆಲಕ್ಕೆ 185.5 ಆಯಿತು. ನಡುವಿನ ಮೆಟ್ಟಿಲುಗಳೆಲ್ಲ ಸಮನಾಗಿ 40 ಏರಿದ್ದರಿಂದ ಅವುಗಳ ನಡುವಿನ ಅಂತರ ಕದಲಲಿಲ್ಲ. ಟೇಪು ಹೇಳಿದ ಅಂಕಿಗಳಿಗೂ ಈ ಕೂಡಿಕಳೆಯುವ ಲೆಕ್ಕಕ್ಕೂ ಅರ್ಧ ಮಿಲಿಮೀಟರಿನ ಅಂತರ ಮಾತ್ರ ಇತ್ತು.

ಆ ದಿನದಿಂದ ನಾನು ಪ್ರತಿ ಮಹಡಿಗೂ ಎರಡು ಲೆವೆಲ್ ಇಡುತ್ತೇನೆ. ಒಂದು ಸ್ಲ್ಯಾಬಿನ ಮಟ್ಟ, ಇನ್ನೊಂದು ಟೈಲ್ಸು ಹಾಕಿದ ನೆಲದ ಮಟ್ಟ. ಸೈಟಿನಲ್ಲಿ ಎಲ್ಲರೂ ಎಫ್‌ಎಫ್‌ಎಲ್ ಎನ್ನುವುದು ಈ ಎರಡನೆಯದನ್ನೇ. ಮೆಟ್ಟಿಲು ಹೊರಡುವುದೂ ತಲುಪುವುದೂ ಎಫ್‌ಎಫ್‌ಎಲ್‌ಗೇ. ತಡೆಯಿಲ್ಲದೆ ಒಂದೇ ಸಮ ಹತ್ತುವ ಮೆಟ್ಟಿಲುಗಳ ಸಾಲನ್ನು ರನ್ ಎನ್ನುತ್ತಾರೆ, ಕಾಲಿಡುವ ಹಾಸನ್ನು ಟ್ರೆಡ್ ಎನ್ನುತ್ತಾರೆ. ಕಾಂಕ್ರೀಟ್ ಮೆಟ್ಟಿಲಿನ ರನ್ ಟೈಪಿನಲ್ಲಿ ಟ್ರೆಡ್ ಎಂಬುದನ್ನು ಆನ್ ಮಾಡಿ, ಅದರ ದಪ್ಪವನ್ನು 40 ಎಂದು ಕೊಟ್ಟರೆ, ತಂತ್ರಾಂಶ ಗ್ರಾನೈಟಿನ ಮೇಲ್ಮುಖವನ್ನು ಸಮ ಅಂತರದಲ್ಲಿ ಇಟ್ಟುಕೊಂಡು ಕಾಂಕ್ರೀಟನ್ನು ಅಷ್ಟು ಕೆಳಗೆ ಇಳಿಸುತ್ತದೆ. ಎರಡು ರನ್ನುಗಳ ನಡುವಿನ ಸಮತಟ್ಟಾದ ಲ್ಯಾಂಡಿಂಗಿಗೂ ರನ್ನಿನಂತೆಯೇ ಎಂದು ಹೇಳಿದರೆ ಅಲ್ಲೂ ಅದೇ 40 ಬರುತ್ತದೆ. ಆದರೆ ಮೆಟ್ಟಿಲಿನ ಬುಡ ಈಗ ಟೈಲ್ಸಿನ ಮಟ್ಟದಲ್ಲಿ ತೇಲುತ್ತಿರುತ್ತದೆ, ಕೆಳಗಿನ ಸ್ಲ್ಯಾಬನ್ನು ಮುಟ್ಟಿರುವುದಿಲ್ಲ. ಅದಕ್ಕಾಗಿ ರನ್ನಿನ ಗುಣಗಳಲ್ಲಿ, ಬುಡದಿಂದ ಕೆಳಕ್ಕೆ ಎಷ್ಟು ಚಾಚಬೇಕೆಂದು ಕೇಳುವ ಸಾಲಿನಲ್ಲಿ ಮೈನಸ್ 65 ಬರೆಯಬೇಕು. ಈ ಒಂದು ಅಂಕಿಯನ್ನು ಬರೆಯದೆ ಬಿಟ್ಟ ಮಾಡೆಲುಗಳನ್ನು ನಾನು ಬಹಳ ನೋಡಿದ್ದೇನೆ. ಪ್ಲ್ಯಾನಿನಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲ, ಸೆಕ್ಷನ್ ಕಡಿದಾಗ, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಕೊಯ್ದಂತೆ ನೋಡಿದಾಗ ಮಾತ್ರ ಕಾಂಕ್ರೀಟಿಗೂ ಸ್ಲ್ಯಾಬಿಗೂ ನಡುವೆ ಬಿಳಿಯ ಸೀಳೊಂದು ಕಾಣಿಸುತ್ತದೆ.

ಇನ್ನು ಸಂಖ್ಯೆಯ ವಿಚಾರ. ಕರ್ನಾಟಕದಲ್ಲಿ ಮನೆ ಕಟ್ಟಿಸುವವರಲ್ಲಿ ಮೆಟ್ಟಿಲು ಎಷ್ಟಿರಬೇಕೆಂದು ಕೇಳದವರು ಕಡಿಮೆ. ಬೆಸ ಸಂಖ್ಯೆಯಲ್ಲಿ ಇರಬೇಕೆನ್ನುವವರು ಇದ್ದಾರೆ, ಲಾಭ, ನಷ್ಟ ಎಂದು ಒಂದೊಂದಕ್ಕೂ ಹೇಳುತ್ತ ಹತ್ತಿ ಕೊನೆಗೆ ಲಾಭಕ್ಕೆ ಮುಗಿಯಬೇಕೆನ್ನುವವರೂ ಇದ್ದಾರೆ. ಎರಡೂ ಒಂದೇ ಕಡೆಗೆ ಬರುತ್ತವೆ. ನಾನು ಇದನ್ನು ಅಲಕ್ಷಿಸುವುದಿಲ್ಲ; ದಿನಕ್ಕೆ ಹತ್ತು ಸಲ ಹತ್ತಿಳಿಯುವವರ ಮನಸ್ಸಿಗೆ ಸಮಾಧಾನ ಇರಬೇಕಾದದ್ದೂ ವಿನ್ಯಾಸದ ಕೆಲಸವೇ. ಆದರೆ ಅವರು ಎಣಿಸುವುದು ಯಾವುದನ್ನು ಎಂಬುದನ್ನು ಕೇಳಿ ತಿಳಿಯಬೇಕು. ತಂತ್ರಾಂಶ ಎಣಿಸುವುದು ರೈಸರುಗಳನ್ನು, ಅಂದರೆ ಮೆಟ್ಟಿಲಿನ ನಿಂತ ಮುಖಗಳನ್ನು. ಮನೆಯವರು ಎಣಿಸುವುದು ಕಾಲಿಡುವ ಜಾಗಗಳನ್ನು. ಹತ್ತೊಂಬತ್ತು ರೈಸರಿನ ಮೆಟ್ಟಿಲನ್ನು ಕೆಳಗೆ ಹತ್ತು, ಮೇಲೆ ಒಂಬತ್ತು ಎಂದು ಎರಡು ಭಾಗ ಮಾಡಿದರೆ, ಕೆಳಗಿನ ರನ್ನಿನಲ್ಲಿ ಒಂಬತ್ತು ಟ್ರೆಡ್, ಒಂದು ಲ್ಯಾಂಡಿಂಗ್, ಮೇಲಿನ ರನ್ನಿನಲ್ಲಿ ಎಂಟು ಟ್ರೆಡ್, ಒಟ್ಟು ಹದಿನೆಂಟು. ಮಹಡಿಯ ನೆಲವನ್ನೂ ಸೇರಿಸಿ ಎಣಿಸಿದರೆ ಹತ್ತೊಂಬತ್ತು. ನೆಲವನ್ನು ಬಿಟ್ಟು ಎಣಿಸುವ ಮನೆಗೆ ನಾವು ಹತ್ತೊಂಬತ್ತು ಎಂದು ಬರೆದ ನಕ್ಷೆ ಸಮಸಂಖ್ಯೆಯ ಮೆಟ್ಟಿಲನ್ನೇ ಕಟ್ಟಿಕೊಡುತ್ತದೆ. ಅದಕ್ಕೇ ನಾನು ಈಗ ಮೊದಲ ಭೇಟಿಯಲ್ಲಿಯೇ, ಅವರು ಆಗ ವಾಸವಿರುವ ಮನೆಯ ಮೆಟ್ಟಿಲನ್ನು ಹಿರಿಯರೊಬ್ಬರು ಹತ್ತುತ್ತ ಎಣಿಸಲಿ ಎಂದು ಕೇಳಿ, ಅವರು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ನೋಡಿಕೊಳ್ಳುತ್ತೇನೆ.

ಸಂಖ್ಯೆ ಒಂದು ಬದಲಾದರೆ ಉಳಿದದ್ದೆಲ್ಲ ಬದಲಾಗುತ್ತದೆ. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಇರುವುದು ಆರಂಗುಲ ಎತ್ತರ, ಹತ್ತಂಗುಲ ಅಗಲ ಎಂಬ ಸೂತ್ರ. ಹತ್ತಡಿಯ ಮಹಡಿಗೆ ಅದು ಸರಿಯಾಗಿ ಇಪ್ಪತ್ತು ರೈಸರ್ ಆಗುವುದರಿಂದ ಲೆಕ್ಕಕ್ಕೆ ಸುಲಭ. ಆದರೆ ಪ್ಯಾರಿಸಿನಲ್ಲಿ 1671ರಲ್ಲಿ ಆರಂಭವಾದ ರಾಜಾಶ್ರಯದ ವಾಸ್ತುಶಿಲ್ಪ ಅಕಾಡೆಮಿಯ ಮುಖ್ಯಸ್ಥರಾಗಿದ್ದ ಫ್ರಾಂಸ್ವಾ ಬ್ಲಾಂಡೆಲ್ ಅವರು ಕೊಟ್ಟ ಸೂತ್ರವೊಂದಿದೆ: ರೈಸರಿನ ಎತ್ತರದ ಎರಡರಷ್ಟನ್ನೂ ಟ್ರೆಡ್ಡಿನ ಅಗಲವನ್ನೂ ಕೂಡಿದರೆ ಒಂದು ಹೆಜ್ಜೆಯ ಉದ್ದ ಬರಬೇಕು. ಅವರು ಆ ಹೆಜ್ಜೆಯನ್ನು ಅಂದಿನ ಫ್ರೆಂಚ್ ಅಳತೆಯ 24 ಅಂಗುಲ ಎಂದು ಇಟ್ಟರು, ಈಗಿನ ಲೆಕ್ಕದಲ್ಲಿ ಸುಮಾರು 650 ಮಿಲಿಮೀಟರ್. ಇಂದು ಹೆಚ್ಚಾಗಿ 600ರಿಂದ 640ರೊಳಗೆ ಇಟ್ಟುಕೊಳ್ಳುತ್ತಾರೆ. ರೆವಿಟ್‌ನಲ್ಲಿ ಮೆಟ್ಟಿಲಿನ ಟೈಪನ್ನು ತೆರೆದರೆ ಲೆಕ್ಕದ ನಿಯಮ ಎಂಬಲ್ಲಿ ಇರುವುದು ಮುನ್ನೂರು ವರ್ಷಕ್ಕೂ ಹಿಂದಿನ ಇದೇ ಸೂತ್ರ. ನಮ್ಮ ಆರು–ಹತ್ತರ ಮೆಟ್ಟಿಲನ್ನು ಅದಕ್ಕೆ ಹಾಕಿದರೆ 555ರಿಂದ 560 ಬರುತ್ತದೆ. ಹೆಜ್ಜೆ ಮೊಟಕಾಗುತ್ತದೆ, ಇಳಿಯುವಾಗ ಹಿಮ್ಮಡಿ ಹಿಂದಿನ ರೈಸರಿಗೆ ತಾಗುತ್ತದೆ. ಇಪ್ಪತ್ತು ರೈಸರನ್ನೇ ಇಟ್ಟುಕೊಂಡು 600ಕ್ಕೆ ತರಬೇಕಾದರೆ ಟ್ರೆಡ್ 295 ಬೇಕು, ಒಂದು ರನ್ನಿಗೆ ಒಂಬತ್ತು ಟ್ರೆಡ್ಡಿನಂತೆ 2655 ಮಿಲಿಮೀಟರ್ ಉದ್ದ. ಹದಿನೆಂಟು ರೈಸರ್ ಮಾಡಿದರೆ ಎತ್ತರ 169 ಮಿಲಿಮೀಟರಿಗೆ ಏರುತ್ತದೆ, 270ರ ಟ್ರೆಡ್ಡಿಗೆ ಮೊತ್ತ 609, ರನ್ನಿನ ಉದ್ದ 2160. ಅರ್ಧ ಮೀಟರ್ ಉಳಿಯಿತು. ಮೂವತ್ತು–ನಲವತ್ತರ ಸೈಟಿನಲ್ಲಿ ಅರ್ಧ ಮೀಟರ್ ಎಂದರೆ ಅಡುಗೆಮನೆಯ ಪಕ್ಕದ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಕೂರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ. ಹೀಗಿದ್ದರೂ ಮಂಡಿನೋವಿನ ಹಿರಿಯರಿರುವ ಮನೆಗೆ ನಾನು ಎತ್ತರವನ್ನು 160ಕ್ಕಿಂತ ಮೇಲೆ ಒಯ್ಯಲು ಒಪ್ಪುವುದಿಲ್ಲ, ಜಾಗವನ್ನು ಬೇರೆ ಕಡೆಯಿಂದ ಹುಡುಕುತ್ತೇನೆ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗಳಿಗೆ ರೈಸರ್ 190 ಮೀರಬಾರದು, ಟ್ರೆಡ್ 250ಕ್ಕಿಂತ ಕಡಿಮೆಯಾಗಬಾರದು ಎನ್ನುತ್ತದೆ. ಆ ಎರಡು ಅಂಕಿಗಳನ್ನು ಟೈಪಿನಲ್ಲಿ ಮೊದಲೇ ಬರೆದಿಟ್ಟರೆ ಅವನ್ನು ಮೀರಿದಾಗ ತಂತ್ರಾಂಶವೇ ಎಚ್ಚರಿಸುತ್ತದೆ. ಆದರೆ ಅದು ಮೀರಬಾರದ ಎಲ್ಲೆ. ಎಲ್ಲೆಯೊಳಗಿರುವ ಮೆಟ್ಟಿಲೆಲ್ಲ ಹತ್ತಲು ಹಿತವಾಗಿರುತ್ತದೆ ಎಂದು ಅದು ಹೇಳುವುದಿಲ್ಲ.

ಮೆಟ್ಟಿಲಿನ ಸಾಧನ ಮೊದಲಿನಿಂದಲೂ ಈಗಿನ ಹಾಗೆ ಇರಲಿಲ್ಲ. ರೆವಿಟ್‌ನ 2013ರ ಆವೃತ್ತಿಗೆ ಮುಂಚೆ ಇಡೀ ಮೆಟ್ಟಿಲನ್ನು ಗೆರೆಗಳಲ್ಲಿ ಬರೆದು ಮುಗಿಸಬೇಕಿತ್ತು. ಆ ಆವೃತ್ತಿಯಲ್ಲಿ ರನ್, ಲ್ಯಾಂಡಿಂಗ್, ಸಪೋರ್ಟ್ ಎಂದು ಬಿಡಿ ಭಾಗಗಳಾಗಿ ಜೋಡಿಸುವ ಕ್ರಮ ಬಂತು. ಅದೇ ಬಗೆಯ ಇನ್ನೊಂದು ತಂತ್ರಾಂಶವಾದ ಆರ್ಕಿಕ್ಯಾಡ್ ಕೂಡ 2017ರ ತನ್ನ 21ನೇ ಆವೃತ್ತಿಯಲ್ಲಿ ಮೆಟ್ಟಿಲಿನ ಸಾಧನವನ್ನು ಹೊಸದಾಗಿ ಕಟ್ಟಿತು. ಬಿಡಿ ಭಾಗಗಳ ಕ್ರಮದ ದೊಡ್ಡ ಉಪಕಾರವೆಂದರೆ, ತಿದ್ದುವಾಗ ಉಳಿದ ಭಾಗಗಳು ತಾವಾಗಿ ಹೊಂದಿಕೊಳ್ಳುತ್ತವೆ. ಒಂದು ರನ್ನನ್ನು ಹಿಡಿದರೆ ಅದರ ತುದಿಯಲ್ಲಿ ಒಂದು ಚುಕ್ಕೆ, ಒಂದು ಬಾಣ ಕಾಣುತ್ತವೆ. ಚುಕ್ಕೆಯನ್ನು ಎಳೆದರೆ ಈ ರನ್ನಿನಿಂದ ಕಡಿಮೆಯಾದ ಮೆಟ್ಟಿಲು ಆ ರನ್ನಿಗೆ ಸೇರುತ್ತದೆ, ಒಟ್ಟು ಎತ್ತರ ಹಾಗೆಯೇ ಇರುತ್ತದೆ. ಬಾಣವನ್ನು ಎಳೆದರೆ ಮೆಟ್ಟಿಲು ನಿಜವಾಗಿಯೇ ಕೂಡುತ್ತದೆ ಅಥವಾ ಕಳೆಯುತ್ತದೆ, ಆಗ ಬೇಕೆಂದ ರೈಸರುಗಳಿಗೂ ಇರುವ ರೈಸರುಗಳಿಗೂ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಹೊಸದಾಗಿ ಕಲಿಯುವವರು ಈ ಎಚ್ಚರಿಕೆಯನ್ನು ಮುಚ್ಚಿ ಮುಂದೆ ಹೋಗುವುದನ್ನು ಕಂಡಿದ್ದೇನೆ. ಹಾಗೆ ಮುಂದೆ ಹೋದ ಮೆಟ್ಟಿಲು ಮಹಡಿಯನ್ನು ಮುಟ್ಟದೆ ಒಂದು ರೈಸರ್ ಕೆಳಗೇ ನಿಂತಿರುತ್ತದೆ, ಅಥವಾ ಮಹಡಿಯನ್ನು ಮೀರಿ ಒಂದು ರೈಸರ್ ಮೇಲೆ ಹೋಗಿರುತ್ತದೆ.

ತಿದ್ದುವ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ಲ್ಯಾಂಡಿಂಗಿನ ಬಳಿ. ಹೋಗಿ ತಿರುಗಿ ಬರುವ ಮೆಟ್ಟಿಲಿನಲ್ಲಿ, ಅಂದರೆ ಡಾಗ್‌ಲೆಗ್ಡ್ ಮೆಟ್ಟಿಲಿನಲ್ಲಿ, ಕೆಳಗಿನ ರನ್ನಿನ ಕೊನೆಯ ರೈಸರೂ ಮೇಲಿನ ರನ್ನಿನ ಮೊದಲ ರೈಸರೂ ಪ್ಲ್ಯಾನಿನಲ್ಲಿ ಒಂದೇ ಗೆರೆಯಲ್ಲಿ ಬರುವಂತೆ ಎಳೆಯುವುದು ಎಲ್ಲರ ರೂಢಿ, ಏಕೆಂದರೆ ನಕ್ಷೆ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಆ ಒಂದೇ ಗೆರೆಯಲ್ಲಿ ಕೆಳಗಿನ ರನ್ನಿನ ಅಂಚು ಲ್ಯಾಂಡಿಂಗಿನ ಮಟ್ಟದಲ್ಲಿರುತ್ತದೆ, ಮೇಲಿನ ರನ್ನಿನ ಮೊದಲ ಅಂಚು ಅದಕ್ಕಿಂತ ಒಂದು ರೈಸರ್ ಮೇಲಿರುತ್ತದೆ. ಆದ್ದರಿಂದ ಅಂಚುಗಳಿಗೆ ಸಮಾನಾಂತರವಾಗಿ ಓಡುವ ಹ್ಯಾಂಡ್‌ರೈಲು ತಿರುವಿನಲ್ಲಿ 160 ಮಿಲಿಮೀಟರ್ ಜಿಗಿಯಬೇಕಾಗುತ್ತದೆ. ಮಾಡೆಲಿನಲ್ಲಿ ಅದು ಕುದುರೆಯ ಕತ್ತಿನ ಹಾಗೆ ಬಾಗಿ ನಿಲ್ಲುತ್ತದೆ, ಸೈಟಿನಲ್ಲಿ ಫ್ಯಾಬ್ರಿಕೇಟರ್ ಅಲ್ಲೊಂದು ತುಂಡು ಪೈಪು ನಿಲ್ಲಿಸಿ ವೆಲ್ಡ್ ಮಾಡುತ್ತಾನೆ. ಮೇಲಿನ ರನ್ನನ್ನು ಒಂದು ಟ್ರೆಡ್ಡಿನಷ್ಟು ಲ್ಯಾಂಡಿಂಗಿನಿಂದ ದೂರ ಸರಿಸಿ, ಆ ಬದಿಗೆ ಲ್ಯಾಂಡಿಂಗನ್ನು ಅಷ್ಟು ಚಾಚಿದರೆ, ಎರಡು ರನ್ನುಗಳ ಅಂಚಿನ ಗೆರೆಗಳೂ ತಿರುವಿನಲ್ಲಿ ಒಂದೇ ಎತ್ತರಕ್ಕೆ ಬಂದು ಸೇರುತ್ತವೆ. ಹ್ಯಾಂಡ್‌ರೈಲು ತಡೆಯಿಲ್ಲದೆ ತಿರುಗುತ್ತದೆ. ಇದಕ್ಕೆ ಮೆಟ್ಟಿಲಿನ ಕೋಣೆ ಒಂದು ಟ್ರೆಡ್ಡಿನಷ್ಟು ಉದ್ದವಾಗಬೇಕು, ನಿಜ. ಆದರೆ ಕೆಳಗೆ ಹತ್ತು, ಮೇಲೆ ಒಂಬತ್ತು ರೈಸರ್ ಇರುವ ಮೆಟ್ಟಿಲಿನಲ್ಲಿ ಮೇಲಿನ ರನ್ ಹೇಗೂ ಒಂದು ಟ್ರೆಡ್ ಗಿಡ್ಡವಾಗಿರುವುದರಿಂದ ಆ ಜಾಗ ಅಲ್ಲಿಯೇ ಸಿಗುತ್ತದೆ. ಬೆಸ ಸಂಖ್ಯೆ ಬೇಕೆಂದ ಮನೆಯವರಿಗೆ ನಾನು ಇದನ್ನು ನಕ್ಷೆಯ ಮೇಲೆ ತೋರಿಸಿದಾಗ ಅವರಿಗೂ ಸಂತೋಷವಾಗುತ್ತದೆ, ನನಗೂ ಸಂತೋಷವಾಗುತ್ತದೆ.

ಸೈಟ್ ಚಿಕ್ಕದಾಗಿದ್ದಾಗ ಲ್ಯಾಂಡಿಂಗನ್ನೇ ತ್ರಿಕೋನದ ಮೆಟ್ಟಿಲುಗಳಾಗಿ ಒಡೆಯಲು ಕೇಳುತ್ತಾರೆ. ವೈಂಡರ್ ಎಂಬ ಹೆಸರಿನಲ್ಲಿ ಅದಕ್ಕೂ ಸಾಧನವಿದೆ, ಎಲ್ಲ ಮೂಲೆಗಳನ್ನೂ ಒಂದೇ ಬಿಂದುವಿಗೆ ತರಬಹುದು, ಅಥವಾ ಅಕ್ಕಪಕ್ಕದ ಮೆಟ್ಟಿಲುಗಳನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ ಹಂಚಬಹುದು. ಹಂಚಿದ್ದೇ ಒಳ್ಳೆಯದು. ಒಂದೇ ಬಿಂದುವಿಗೆ ಬಂದ ಮೆಟ್ಟಿಲಿನ ಒಳಮೂಲೆಯಲ್ಲಿ ಕಾಲಿಡಲು ಜಾಗವೇ ಇರುವುದಿಲ್ಲ, ಮಕ್ಕಳು ಓಡುವುದು ಆ ಒಳಬದಿಯಲ್ಲಿಯೇ.

ತಂತ್ರಾಂಶ ಕೊಡುವ ಆಕಾರ ಒಗ್ಗದೆ ಹೋದಾಗ, ಉದಾಹರಣೆಗೆ ಮೊದಲ ಮೆಟ್ಟಿಲನ್ನು ಮಾತ್ರ ಅಗಲವಾಗಿ, ದುಂಡು ಮೂಲೆಯಿಂದ ಮಾಡಬೇಕಾದಾಗ, ರನ್ನನ್ನು ಸ್ಕೆಚ್ ಆಗಿ ಪರಿವರ್ತಿಸಬಹುದು. ಆಗ ಅಂಚುಗಳು ಹಸಿರು ಗೆರೆಯಾಗಿ, ರೈಸರುಗಳು ಕಪ್ಪು ಗೆರೆಯಾಗಿ, ಹತ್ತುವ ದಾರಿ ನೀಲಿ ಗೆರೆಯಾಗಿ ತೆರೆದುಕೊಳ್ಳುತ್ತವೆ, ಒಂದೊಂದನ್ನೂ ಕೈಯಾರೆ ತಿದ್ದಬಹುದು. ಆದರೆ ಒಮ್ಮೆ ಪರಿವರ್ತಿಸಿದ ರನ್ ಮತ್ತೆ ಮೊದಲಿನ ಜಾಣ ರನ್ ಆಗುವುದಿಲ್ಲ. ಆಮೇಲೆ ಮಹಡಿಯ ಎತ್ತರ ಬದಲಾಗಿ ಒಂದು ರೈಸರ್ ಹೆಚ್ಚಾದರೆ ಕಪ್ಪು ಗೆರೆಯೊಂದನ್ನು ನಾವೇ ಎಳೆದು ಸೇರಿಸಬೇಕು. ಆದ್ದರಿಂದ ಮಹಡಿಯ ಎತ್ತರ, ಟೈಲ್ಸಿನ ದಪ್ಪ, ಗ್ರಾನೈಟಿನ ದಪ್ಪ ಇವು ಮೂರೂ ಮನೆಯವರ ಒಪ್ಪಿಗೆಯಾಗಿ ನಿಂತ ಮೇಲೆ ಮಾತ್ರ ನಾನು ಸ್ಕೆಚ್ಚಿಗೆ ಕೈಹಾಕುತ್ತೇನೆ, ಅದೂ ಬದಲಿಸಬೇಕಾದ ಒಂದು ರನ್ನಿಗೆ ಮಾತ್ರ. ಅಪಾರ್ಟ್‌ಮೆಂಟುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ರೆವಿಟ್‌ನ 2018ರ ಆವೃತ್ತಿಯಿಂದ ಒಂದು ಮೆಟ್ಟಿಲನ್ನು ಮಾಡಿ, ಮೇಲಿನ ಲೆವೆಲ್‌ಗಳನ್ನು ಆರಿಸಿದರೆ ಎತ್ತರ ಒಂದೇ ಇರುವ ಮಹಡಿಗಳಿಗೆಲ್ಲ ಅದೇ ಮೆಟ್ಟಿಲು ಹೋಗಿ ಕೂರುತ್ತದೆ, ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ಒಂದು ಮಹಡಿಯದನ್ನು ಮಾತ್ರ ಬೇರೆ ಮಾಡಬೇಕಾದರೆ ಅದನ್ನು ಉಳಿದವುಗಳ ಜೊತೆ ಕಟ್ಟಿಹಾಕಿರುವ ಪಿನ್ನನ್ನು ತೆಗೆಯಬೇಕು. ಪಿನ್ ತೆಗೆದ ಮಹಡಿ ಯಾವುದು, ಏಕೆ ತೆಗೆದದ್ದು ಎಂಬುದನ್ನು ಮಾಡೆಲಿನಲ್ಲಿಯೇ ಬರೆದಿಡದಿದ್ದರೆ ಆರು ತಿಂಗಳ ನಂತರ ಅದನ್ನು ತೆರೆದವರಿಗೆ ತಿಳಿಯುವ ದಾರಿಯಿಲ್ಲ.

ಪ್ಲ್ಯಾನಿನಲ್ಲಿ ಮೆಟ್ಟಿಲು ಎಷ್ಟೇ ಸರಿಯಾಗಿ ಕಂಡರೂ ಸೆಕ್ಷನ್ ಕಡಿಯದೆ ನಾನು ನಕ್ಷೆಯನ್ನು ಹೊರಗೆ ಕಳಿಸುವುದಿಲ್ಲ. ಲ್ಯಾಂಡಿಂಗಿನ ಕೆಳಗೆ ಟಾಯ್ಲೆಟ್ ಮಾಡಿಕೊಡಿ ಎಂದು ಕೇಳದ ಮನೆಯೇ ಇಲ್ಲ, ಪ್ಲ್ಯಾನಿನಲ್ಲಿ ಅದಕ್ಕೆ ಜಾಗವೂ ಇರುತ್ತದೆ. ಹತ್ತು ರೈಸರಿನ ಮೇಲಿರುವ ಲ್ಯಾಂಡಿಂಗ್ ಎಂದರೆ ನೆಲದಿಂದ 1605 ಮಿಲಿಮೀಟರ್. ಅದರಲ್ಲಿ ಗ್ರಾನೈಟಿನ 40, ಕಾಂಕ್ರೀಟಿನ 150 ಕಳೆದರೆ ಕೆಳಗೆ ಉಳಿಯುವುದು 1415. ಹತ್ತು ವರ್ಷದ ಮಗು ತಲೆ ತಗ್ಗಿಸದೆ ನಿಲ್ಲಬಹುದು, ಅಷ್ಟೇ. ಮೆಟ್ಟಿಲಿನ ಕೆಳಗೆ ಜನ ಓಡಾಡುವ ದಾರಿಗೆ 2.2 ಮೀಟರ್ ಎತ್ತರ ಬೇಕೆಂದು ಸಂಹಿತೆ ಹೇಳುತ್ತದೆ. ಆ ಜಾಗ ಯುಪಿಎಸ್‌ಗೂ ಪಂಪಿಗೂ ಚಪ್ಪಲಿ ಗೂಡಿಗೂ ಸರಿ. ಇದನ್ನು ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಸೆಕ್ಷನ್ನಿನಲ್ಲಿ ಲ್ಯಾಂಡಿಂಗಿನ ಕೆಳಗೆ ಮನುಷ್ಯನ ಆಕೃತಿಯೊಂದನ್ನು ನಿಲ್ಲಿಸಿ ತೋರಿಸಿದ ಕೂಡಲೇ ಒಪ್ಪುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರರ ಮಾಡೆಲನ್ನೂ ಅದೇ ಸೆಕ್ಷನ್ನಿಗೆ ಲಿಂಕ್ ಮಾಡಿ ನೋಡಬೇಕು. ನಮ್ಮ ಮೆಟ್ಟಿಲಿಗೆ ಬೀಮ್ ಇರುವುದಿಲ್ಲ, ಅವರದಕ್ಕೆ ಇರುತ್ತದೆ, ತಲೆಗೆ ತಾಗುವುದು ಅದೇ.

ಗೋಡೆಯ ಕಡೆಯ ರೇಲಿಂಗನ್ನು ತೆಗೆಯುವುದು, ಹತ್ತುವ ಬಾಣದ ಗುರುತು ಸರಿಯಾದ ದಿಕ್ಕಿಗಿದೆಯೇ ಎಂದು ನೋಡುವುದು, ರನ್ನಿನ ಅಗಲದಲ್ಲಿ ಎರಡೂ ಬದಿಯ ಪ್ಲಾಸ್ಟರಿನ ದಪ್ಪ ಕಳೆದಿದೆಯೇ ಎಂದು ನೋಡುವುದು, ಇವೆಲ್ಲ ಸಣ್ಣ ಕೆಲಸಗಳು, ಐದು ನಿಮಿಷದಲ್ಲಿ ಮುಗಿಯುತ್ತವೆ.

ಮೈಸೂರಿನ ಆ ಮನೆಯ ಮೆಟ್ಟಿಲನ್ನು ಹೇಗೆ ಸರಿಪಡಿಸುವುದೆಂದು ಮೇಸ್ತ್ರಿಯವರೂ ನಾನೂ ಮೆಟ್ಟಿಲಿನ ಮೇಲೆಯೇ ಕುಳಿತು ಲೆಕ್ಕ ಹಾಕಿದೆವು. ಮಹಡಿಯ ಟೈಲ್ಸನ್ನು ಕೀಳುವಂತಿರಲಿಲ್ಲ. ಕೊನೆಯ ರೈಸರಿನಲ್ಲಿ 25 ಮಿಲಿಮೀಟರ್ ಹೆಚ್ಚಿತ್ತು, ಅದನ್ನು ಐದು ರೈಸರುಗಳಿಗೆ ಐದೈದು ಮಿಲಿಮೀಟರಿನಂತೆ ಹಂಚೋಣ ಎಂದು ಅವರೇ ಹೇಳಿದರು. ಮೇಲಿನ ನಾಲ್ಕು ಮೆಟ್ಟಿಲುಗಳ ಗ್ರಾನೈಟನ್ನು ಬಿಡಿಸಿ, ಗಾರೆಯನ್ನು ಎಲ್ಲಕ್ಕಿಂತ ಮೇಲಿನದಕ್ಕೆ 20, ಅದರ ಕೆಳಗಿನದಕ್ಕೆ 15, ಆಮೇಲೆ 10, 5 ಮಿಲಿಮೀಟರಿನಂತೆ ಏರಿಸಿ ಮತ್ತೆ ಕೂರಿಸಿದಾಗ, ಕೊನೆಯ ಐದೂ ರೈಸರುಗಳು 165.5ಕ್ಕೆ ಬಂದು ನಿಂತವು. ಬುಡದಲ್ಲಿಯೂ ಹಾಗೆಯೇ, ಮೊದಲ ಮೆಟ್ಟಿಲನ್ನು 20, ಎರಡನೆಯದನ್ನು 15, ಮೂರನೆಯದನ್ನು 10, ನಾಲ್ಕನೆಯದನ್ನು 5 ಏರಿಸಿದಾಗ ಮೊದಲ ಐದೂ 155.5 ಆದವು. ನಿಂತ ಮುಖದ ಕಲ್ಲಿನ ಪಟ್ಟಿಗಳನ್ನೆಲ್ಲ ಹೊಸ ಅಳತೆಗೆ ಕೊಯ್ಯಿಸಬೇಕಾಯಿತು, ಬಿಡಿಸುವಾಗ ಎರಡು ಹಲಗೆ ಒಡೆದವು. ರೇಲಿಂಗಿನ ಕಂಬಗಳನ್ನು ಮೆಟ್ಟಿಲಿನ ಮೇಲೆ ನಿಲ್ಲಿಸದೆ ಪಕ್ಕಕ್ಕೆ ಬೋಲ್ಟ್ ಮಾಡಿದ್ದರಿಂದ ಅವನ್ನು ಮುಟ್ಟಬೇಕಾಗಲಿಲ್ಲ. ಅದರ ಖರ್ಚನ್ನು ನಮ್ಮ ಕಡೆಯಿಂದಲೇ ಕೊಟ್ಟೆವು.

ಕೆಲಸ ಮುಗಿದ ದಿನ ಮೇಸ್ತ್ರಿ ನನ್ನನ್ನು ಕೇಳಿದರು: "ಮೇಡಂ, ಮುಂದಿನ ಮನೆಗೆ ನೀವು ಏನೇ ಡ್ರಾಯಿಂಗ್ ಕೊಡಿ, ಮೆಟ್ಟಿಲಿಗೆ ನಂಗೆ ಮೂರೇ ನಂಬರ್ ಬರೆದುಕೊಡಿ. ಕಾಂಕ್ರೀಟಲ್ಲಿ ಮೊದಲನೇದು ಎಷ್ಟು, ನಡುವಿನವು ಎಷ್ಟು, ಕಡೇದು ಎಷ್ಟು." ಅವರು ಕೇಳಿದ ಮೂರು ಅಂಕಿಗಳು ಆ ಮನೆಯದೇ ದಪ್ಪಗಳಿಗೆ 185.5, 160.5, 135.5, ಕಾಂಕ್ರೀಟಿನಲ್ಲಿ ಮೊದಲನೆಯದು ಎತ್ತರ, ಕೊನೆಯದು ಗಿಡ್ಡ, ಕಲ್ಲು ಟೈಲ್ಸು ಕೂತ ಮೇಲೆ ಎಲ್ಲವೂ ಸಮ. ಈಗ ನನ್ನ ಪ್ರತಿ ಮೆಟ್ಟಿಲಿನ ನಕ್ಷೆಯಲ್ಲಿಯೂ ಸೆಕ್ಷನ್ನಿನ ಪಕ್ಕದಲ್ಲಿ ಈ ಮೂರು ಅಂಕಿಗಳ ಚೌಕವೊಂದು ಇರುತ್ತದೆ, ಅದರ ಕೆಳಗೆ ನೆಲದ ಮತ್ತು ಮೆಟ್ಟಿಲಿನ ಹೊದಿಕೆಯ ದಪ್ಪಗಳನ್ನೂ ಬರೆದಿರುತ್ತೇನೆ. ಮೇಸ್ತ್ರಿಯವರು ಗೋಡೆಯ ಮೇಲೆ ಟ್ಯೂಬ್ ಲೆವೆಲ್ ಹಿಡಿದು ಎಫ್‌ಎಫ್‌ಎಲ್‌ನಿಂದ ಒಂದು ಮೀಟರಿನ ಗುರುತು ಹಾಕಿಕೊಂಡು, ಆ ಚೌಕವನ್ನು ನೋಡಿ ಪ್ಲೈವುಡ್ಡಿನ ಮೂರು ತುಂಡುಗಳನ್ನು ಕೊಯ್ದು, ಒಂದೊಂದರ ಮೇಲೂ ಅದರ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದು ಸೆಂಟ್ರಿಂಗಿನವರ ಕೈಗೆ ಕೊಡುತ್ತಾರೆ.